ಕಸುವಿಗೊಂದು, ದಮ್ಮಿಗೊಂದು: ಜಗಲಿಯ ಕೆಟಲ್‌ಬೆಲ್, ಹತ್ತನೇ ವಾರ

ತೀರ್ಥಹಳ್ಳಿ ಕಡೆ ಜೂನ್ ಬಂತೆಂದರೆ ಓಡುವ ಮಾತೇ ಇಲ್ಲ. ದಾರಿ ಜಾರುತ್ತದೆ, ಕಾಲಿಗೆ ಉಂಬಳ ಹತ್ತುತ್ತದೆ. ಹಾಗಾಗಿ ಈ ಮಳೆಗಾಲ ಜಗಲಿಯಲ್ಲಿ ಗೋಣಿಚೀಲ ಹಾಸಿಕೊಂಡು, ಹಿಡಿ ಇರುವ ಕಬ್ಬಿಣದ ಗುಂಡು, ಅಂದರೆ ಕೆಟಲ್‌ಬೆಲ್ ಹಿಡಿದೆ. ನನ್ನ ಹತ್ತಿರ ಇರುವುದು ಎರಡೇ: 16 ಕೆ.ಜಿ., 24 ಕೆ.ಜಿ. ಯಾವುದರಿಂದ ಕಸುವು ಬರುತ್ತದೆ, ಯಾವುದರಿಂದ ದಮ್ಮು ಬರುತ್ತದೆ ಅಂತ ನನ್ನ ಮೈಮೇಲೇ ನೋಡಬೇಕಿತ್ತು.

ಶುರು ಮಾಡಿದ ದಿನದ ಲೆಕ್ಕ: ಬಲಗೈಯಲ್ಲಿ 16ರ ಪ್ರೆಸ್ (ಭುಜದಿಂದ ತಲೆಯ ಮೇಲಕ್ಕೆ ಒತ್ತುವುದು) ಒಂದೇ ಸಮ 8. ಎರಡು ಕೈಯಲ್ಲಿ 24ರ ಸ್ವಿಂಗ್ (ಕಾಲುಗಳ ನಡುವಿನಿಂದ ಎದೆಮಟ್ಟಕ್ಕೆ ಬೀಸುವುದು) ನಿಲ್ಲದೆ 22.

1ರಿಂದ 5ನೇ ವಾರ, ಕಸುವಿಗೆ

ಪ್ರೆಸ್ ಮತ್ತು ಗೆಟ್‌ಅಪ್ ಮಾತ್ರ, ವಾರಕ್ಕೆ ಮೂರು ದಿನ. ಪ್ರೆಸ್ಸಿಗೆ ಒಂದು, ಎರಡು, ಮೂರು ಅಂತ ಏರುವ ಲೆಕ್ಕ. ಅದನ್ನು ಐದು ಸಲ ಮಾಡಿದರೆ ಒಂದೊಂದು ಕೈಗೆ 30 ಆಗುತ್ತದೆ. ನಡುವೆ ಬೇಕಾದಷ್ಟು ಸುಧಾರಿಸಿಕೊಳ್ಳುತ್ತಿದ್ದೆ. ಕಸುವಿನ ಅಭ್ಯಾಸದಲ್ಲಿ ಅವಸರ ಮಾಡಿದರೆ ಸುಸ್ತು ಬರುತ್ತದೆ, ಕಸುವು ಬರುವುದಿಲ್ಲ.

ಕಷ್ಟ ಇರುವುದು ತೂಕದ ಮೆಟ್ಟಿಲಿನಲ್ಲಿ. ಇದು ರಷ್ಯಾದಿಂದ ಬಂದ ಸಾಮಾನು. ಅಲ್ಲಿನ ಹಳೇ ಅಳತೆ ಪೂಡ್, ಅಂದರೆ ಸುಮಾರು 16 ಕೆ.ಜಿ. ಒಂದು, ಒಂದೂವರೆ, ಎರಡು ಪೂಡ್ ಅಂತ ಹೋಗುವುದರಿಂದಲೇ 16, 24, 32 ಬಂದಿದ್ದು. 16ರಿಂದ 24ಕ್ಕೆ ಹೋಗುವುದು ಅಂದರೆ ಒಮ್ಮೆಗೇ ಅರ್ಧದಷ್ಟು ಜಾಸ್ತಿ. ನನ್ನ ಹತ್ತಿರ ಇವೆರಡೇ ಇರುವುದರಿಂದ ಡಂಬೆಲ್ಲಿನ ಹಾಗೆ ಎರಡೆರಡು ಕೆ.ಜಿ. ಏರಿಸಲು ಬರುವುದಿಲ್ಲ. ಅದಕ್ಕೇ 16ರಲ್ಲೇ ಎಣಿಕೆ ಹೆಚ್ಚಿಸುತ್ತಾ ಕಾಯಬೇಕು.

ಗೆಟ್‌ಅಪ್ ನನಗೆ ತುಂಬಾ ಇಷ್ಟವಾಯಿತು. ಅಂಗಾತ ಮಲಗಿ ಬೆಲ್ಲನ್ನು ಮೇಲಕ್ಕೆ ಚಾಚಬೇಕು. ಆಮೇಲೆ ಮೊಣಕೈ ಊರಿ, ಅಂಗೈ ಊರಿ, ಸೊಂಟ ಎತ್ತಿ, ಕಾಲನ್ನು ಹಿಂದಕ್ಕೆ ಎಳೆದುಕೊಂಡು ಮಂಡಿ ಊರಿ ಏಳಬೇಕು. ಕಣ್ಣು ಬೆಲ್ಲಿನ ಮೇಲೆ, ಚಾಚಿದ ಕೈ ಕಂಬದ ಹಾಗೆ ನೆಟ್ಟಗೆ. ಒಂದು ಸಲ ಎದ್ದು ಮಲಗಲು ಅರ್ಧ ನಿಮಿಷ. ಅಷ್ಟರಲ್ಲಿ ಭುಜದ ಒಳಗಿನ ಸಣ್ಣ ಸಣ್ಣ ಸ್ನಾಯುಗಳೆಲ್ಲ ಮಾತಾಡುತ್ತವೆ.

5ನೇ ವಾರ: 16ರ ಪ್ರೆಸ್ 12. 24 ಬಲಗೈಯಲ್ಲಿ ಒಂದು ಸಲ ಹೋಯಿತು! ಸ್ವಿಂಗ್ ಮಾತ್ರ 27. ಅಂದರೆ ಕಸುವು ಬಂತು, ದಮ್ಮು ಅಷ್ಟಾಗಿ ಬರಲಿಲ್ಲ.

6ರಿಂದ 10ನೇ ವಾರ, ದಮ್ಮಿಗೆ

ಪ್ರೆಸ್ ಮುಟ್ಟಲೇ ಇಲ್ಲ. 24ರಲ್ಲಿ ನಿಮಿಷಕ್ಕೆ 10 ಸ್ವಿಂಗ್, ಉಳಿದ ಸಮಯ ವಿಶ್ರಾಂತಿ. 10 ನಿಮಿಷದಿಂದ 20 ನಿಮಿಷಕ್ಕೆ ಏರಿಸಿದೆ.

ಮೊದಲ ದಿನ ಅಪ್ಪಯ್ಯ ಕವಳ ಹಾಕುತ್ತಾ ನೋಡುತ್ತಿದ್ದರು. "ನೀನು ಅದನ್ನ ಕೈಯಲ್ಲಿ ಎತ್ತುತ್ತಾ ಇದೀಯ ಮಾರಾಯ. ಬೀಸಬೇಕು ಅಲ್ವಾ?" ಅಂದರು. ಅವರು ಹೇಳಿದ್ದೇ ಸರಿ. ಸ್ವಿಂಗ್ ಅಂದರೆ ಕೂತು ಏಳುವುದಲ್ಲ. ಬೆನ್ನು ನೆಟ್ಟಗಿಟ್ಟು ಸೊಂಟವನ್ನು ಹಿಂದಕ್ಕೆ ತಳ್ಳಿ, ಫಕ್ಕನೆ ಮುಂದಕ್ಕೆ ತರಬೇಕು. ಕೈ ಬರೀ ಹಗ್ಗ. ಬೆಲ್ ಎದೆಮಟ್ಟಕ್ಕೆ ಬಂದಾಗ ಒಂದು ಕ್ಷಣ ಹಗುರಾಗಿ ತೇಲುತ್ತದೆ, ಆಗ ಮೈಯೂ ಸಡಿಲಾಗುತ್ತದೆ. ಆ ಕ್ಷಣ ಇರುವುದರಿಂದಲೇ ಇದನ್ನು ಇಷ್ಟು ಹೊತ್ತು ಮಾಡಲು ಆಗುವುದು. ಪ್ರೆಸ್ಸಿನಲ್ಲಿ ಅಂಥ ಬಿಡುವಿಲ್ಲ.

8ನೇ ವಾರ 16ರಲ್ಲಿ ಸ್ನ್ಯಾಚ್ (ಕಾಲುಗಳ ನಡುವಿನಿಂದ ಒಂದೇ ಏಟಿಗೆ ತಲೆಯ ಮೇಲಕ್ಕೆ ಎತ್ತುವುದು) ಮಾಡಿ ನೋಡಿದೆ. ಸ್ಪರ್ಧೆಯಲ್ಲಿ ಇದನ್ನು 10 ನಿಮಿಷ, ಬೆಲ್ ಕೆಳಗಿಡದೆ ಮಾಡುತ್ತಾರೆ. ನನಗೆ ಮೂರನೇ ನಿಮಿಷಕ್ಕೇ ಬೆರಳ ಬುಡದ ಜಡ್ಡು ಕಿತ್ತು ರಕ್ತ ಬಂತು. ಮಳೆಯ ಥಂಡಿಗೆ ಚರ್ಮ ಮೆತ್ತಗಾಗಿರುತ್ತದೆ, ಮೇಲಿಂದ ಹಿಡಿಯನ್ನು ಅಂಗೈಯ ಮಧ್ಯಕ್ಕೆ ಹಿಡಿದಿದ್ದೆ. ಬೆಲ್ ಇಳಿಯುವಾಗ ಹಿಡಿ ಬೆರಳುಗಳ ಕೊಕ್ಕೆಗೆ ಜಾರಬೇಕು. ನಾಲ್ಕು ದಿನ ಬಿಟ್ಟು, ಮತ್ತೆ ಸ್ವಿಂಗಿಗೇ ಬಂದೆ.

10ನೇ ವಾರ: ಸ್ವಿಂಗ್ ನಿಲ್ಲದೆ 55. 16ರ ಪ್ರೆಸ್ 11! ಐದು ವಾರ ಮುಟ್ಟದಿದ್ದರೂ ಒಂದೇ ಕಡಿಮೆ. ನಾನು 7 ಅಥವಾ 8 ಅಂದುಕೊಂಡಿದ್ದೆ. ಭಾರದ ಸ್ವಿಂಗ್ ಕಸುವನ್ನು ಕಾಯುತ್ತದೆ, ಆದರೆ ಪ್ರೆಸ್ ದಮ್ಮನ್ನು ಬೆಳೆಸುವುದಿಲ್ಲ. ಒಂದೇ ವ್ಯಾಯಾಮಕ್ಕೆ ಸಮಯ ಇದೆ ಅನ್ನುವವರಿಗೆ ನಾನು ಸ್ವಿಂಗನ್ನೇ ಹೇಳುತ್ತೇನೆ.

ತೋಟದಲ್ಲೂ ಗೊತ್ತಾಯಿತು. ಆಗಸ್ಟಿನ ಹೊಳವಿನಲ್ಲಿ ಅಡಿಕೆಗೆ ಎರಡನೇ ಸಲ ಕೊಳೆರೋಗದ ಔಷಧಿ ಹೊಡೆಸಿದೆವು. ಮೈಲುತುತ್ತ, ಸುಣ್ಣ ಕಲಸಲು ಹಳ್ಳದಿಂದ 20 ಲೀಟರಿನ ಎರಡು ಕ್ಯಾನು ಹಿಡಿದು ದರೆ ಹತ್ತಬೇಕಿತ್ತು. ಹೋದ ವರ್ಷ ಮಧ್ಯೆ ಎರಡು ಕಡೆ ಇಳಿಸಿದ್ದೆ. ಈ ಸಲ ಒಂದೇ ಉಸಿರಿಗೆ ಮೇಲೆ ಬಂದೆ, ಬೆರಳೂ ಸೋಲಲಿಲ್ಲ. ಆದರೆ ಕ್ಯಾನನ್ನು ಎತ್ತಿ ಡ್ರಮ್ಮಿಗೆ ಸುರಿಯುವಾಗ ನೆನಪಾಗಿದ್ದು ಮೊದಲ ಐದು ವಾರ.

ಮುಂದಿನ ವಾರದಿಂದ ಎರಡು ದಿನ ಸ್ವಿಂಗ್, ಎರಡು ದಿನ ಪ್ರೆಸ್. ಎಡಗೈಯಲ್ಲಿ 24 ಇನ್ನೂ ಕಿವಿಯ ಹತ್ತಿರ ಬಂದು ನಿಂತುಬಿಡುತ್ತದೆ.