ಐದನೆಯ ಹಂತದ ಪ್ರಶ್ನೆ

ಬಿ.ಇಡಿ. ತರಗತಿಗೆ ಮನೋವಿಜ್ಞಾನ ಬೋಧಿಸುವವರಿಗೆ ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಅವರ ಮನೋಸಾಮಾಜಿಕ ವಿಕಾಸದ ಎಂಟು ಹಂತಗಳು ಬಾಯಿಪಾಠವಾಗಿರುತ್ತವೆ. ಶೈಶವದ ನಂಬಿಕೆ–ಅಪನಂಬಿಕೆಯಿಂದ ವೃದ್ಧಾಪ್ಯದ ಸಮಗ್ರತೆ–ಹತಾಶೆಯವರೆಗೆ ಪ್ರತಿ ಹಂತಕ್ಕೂ ಒಂದು ವಯಸ್ಸು, ಒಂದು ಸಂಘರ್ಷ. ಕಳೆದ ವರ್ಷ ಆ ಕೋಷ್ಟಕವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸಿದಾಗ, ಪಿಯುಸಿ ಮುಗಿದೊಡನೆ ಮದುವೆಯಾಗಿ, ಮಕ್ಕಳು ಹೈಸ್ಕೂಲು ಸೇರಿದ ಮೇಲೆ ಪದವಿ ಪೂರೈಸಿ ನಮ್ಮಲ್ಲಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬರು ಎದ್ದು ನಿಂತರು.

“ಮೇಡಂ, ಐದನೆಯದಾದ ಅನನ್ಯತೆಯ ಹಂತ ಹನ್ನೆರಡರಿಂದ ಹದಿನೆಂಟು ಅಂತ ಬರೆದಿದ್ದೀರಿ. ಆ ವಯಸ್ಸಿನಲ್ಲಿ ನಾನು ಯಾರು ಅಂತ ಕೇಳಿಕೊಳ್ಳೋಕೆ ನನಗೆ ಪುರುಸೊತ್ತೇ ಇರಲಿಲ್ಲ. ಈಗ ಕೇಳಿಕೊಳ್ತಿದ್ದೀನಿ. ಹಾಗಾದರೆ ನಾನು ಯಾವ ಹಂತದಲ್ಲಿದ್ದೀನಿ?”

ಉತ್ತರವಾಗಿ ನಾನು ಎರಿಕ್ಸನ್ ಅವರ ಬದುಕನ್ನೇ ಹೇಳತೊಡಗಿದೆ. 1902ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರೆಂಬುದು ಕೊನೆಯವರೆಗೂ ತಿಳಿಯಲಿಲ್ಲ. ಮಕ್ಕಳ ವೈದ್ಯರಾಗಿದ್ದ ಮಲತಂದೆ ಹೊಂಬರ್ಗರ್ ಅವರ ಹೆಸರಿನಲ್ಲಿ ಬೆಳೆದ ಹುಡುಗ, ಯಹೂದಿಗಳ ನಡುವೆ ಅನ್ಯನೆಂದೂ ಶಾಲೆಯಲ್ಲಿ ಯಹೂದಿಯೆಂದೂ ಮೂದಲಿಕೆಗೆ ಒಳಗಾದ. ಚಿತ್ರಕಾರನಾಗಲು ಹೊರಟು ಕೆಲವು ವರ್ಷ ಊರೂರು ಅಲೆದು, ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರ ಮಗಳು ಅನ್ನಾ ಫ್ರಾಯ್ಡ್ ಅವರ ಬಳಿ ಮನೋವಿಶ್ಲೇಷಣೆ ಕಲಿತು, 1933ರಲ್ಲಿ ಅಮೆರಿಕಕ್ಕೆ ವಲಸೆ ಹೋದ ಅವರು, ‘ಎರಿಕ್ಸನ್’ ಎಂಬ ಹೆಸರನ್ನು ಇಟ್ಟುಕೊಂಡದ್ದು 1939ರಲ್ಲಿ ಅಲ್ಲಿನ ಪೌರತ್ವ ಪಡೆದಾಗ. ಆಗ ಅವರಿಗೆ 37 ವರ್ಷ.

ಯಾವ ಸಂಘರ್ಷವೂ ತನ್ನ ಹಂತದಲ್ಲಿಯೇ ಹುಟ್ಟಿ ಅಲ್ಲಿಯೇ ತೀರಿಹೋಗುವುದಿಲ್ಲ, ಆ ಕಾಲದಲ್ಲಿ ಮುನ್ನೆಲೆಗೆ ಬರುತ್ತದೆ ಅಷ್ಟೇ ಎಂಬುದು ಅವರ ಸಿದ್ಧಾಂತದ ತಿರುಳು; ಪರೀಕ್ಷೆಗಾಗಿ ಕಲಿಯುವ ಕೋಷ್ಟಕದಲ್ಲಿ ಬಿಟ್ಟುಹೋಗುವುದೂ ಅದೇ. ಹದಿಹರೆಯದವರಿಗೆ ಹೊಣೆಗಳನ್ನು ಹೊರಿಸುವ ಮುನ್ನ ಬೇರೆಬೇರೆ ಪಾತ್ರಗಳನ್ನು ಪ್ರಯತ್ನಿಸಿ ನೋಡಲು ಸಮಾಜ ಒಂದು ಬಿಡುವನ್ನು ಕೊಡಬೇಕೆಂದು ಅವರು ಹೇಳುತ್ತಿದ್ದರು. ನನ್ನ ವಿದ್ಯಾರ್ಥಿನಿಗೆ ಸಿಗದೇ ಹೋದದ್ದು ಆ ಬಿಡುವು. ಮುಂದಿನ ಪೀಳಿಗೆಯನ್ನು ಸಲಹುವ ಏಳನೆಯ ಹಂತದ ಕೆಲಸವನ್ನು ಈಕೆ ಐದನೆಯದಕ್ಕಿಂತ ಮೊದಲೇ ಮಾಡಿದ್ದರು. ಹಾರ್ವರ್ಡ್‌ನಲ್ಲಿ ಎರಿಕ್ಸನ್ ಅವರೊಂದಿಗೆ ಬೋಧಿಸಿದ್ದ ಮನೋವಿಜ್ಞಾನಿ ಕೆರೋಲ್ ಗಿಲ್ಲಿಗನ್, ಮೊದಲು ಅನನ್ಯತೆ ಆಮೇಲೆ ಆರನೆಯ ಹಂತದ ಆತ್ಮೀಯತೆ ಎಂಬ ಕ್ರಮ ಗಂಡಸರ ಬದುಕಿನಿಂದ ತೆಗೆದದ್ದು, ಹೆಂಗಸರಲ್ಲಿ ಇವೆರಡೂ ಹೆಣೆದುಕೊಂಡೇ ಬೆಳೆಯುತ್ತವೆ ಎಂದು 1982ರಲ್ಲಿ ವಾದಿಸಿದರು. ನನಗೆ ಆ ವಾದ ಸರಿಯೆನಿಸುತ್ತದೆ, ಅಂದು ತರಗತಿಯಲ್ಲಿಯೂ ಹಾಗೆಯೇ ಹೇಳಿದೆ.

ಮುಂದಿನ ವಾರ ಆ ವಿದ್ಯಾರ್ಥಿನಿ ತಮ್ಮ ಕ್ರಿಯಾ ಸಂಶೋಧನೆಗೆ, ಅಂದರೆ ಶಿಕ್ಷಕರು ತಮ್ಮ ಶಾಲೆಯ ಸಮಸ್ಯೆಯನ್ನೇ ಎತ್ತಿಕೊಂಡು ನಡೆಸುವ ಅಧ್ಯಯನಕ್ಕೆ, ವಿಷಯವನ್ನು ಆರಿಸಿಕೊಂಡು ಬಂದರು. ಒಂಬತ್ತನೆಯ ತರಗತಿಯ ಹುಡುಗಿಯರು ತಮ್ಮ ಮುಂದಿನ ಬದುಕಿನ ಬಗ್ಗೆ ಮನೆಯಲ್ಲಿ ಯಾರೊಡನೆ ಮಾತನಾಡುತ್ತಾರೆ, ಯಾರೊಡನೆಯೂ ಆಗದಿದ್ದರೆ ಶಿಕ್ಷಕಿ ಏನು ಮಾಡಬಹುದು ಎಂಬುದು ಅವರ ಪ್ರಶ್ನೆಯಾಗಿತ್ತು.