ಗ್ರೀನ್ ಕಾರ್ಡ್ ಡೇಟ್ ಮುಗೀತು, ಈಗೇನು?

ಅಮೆರಿಕದ ಗ್ರೀನ್ ಕಾರ್ಡ್, ಅಂದ್ರೆ ಇಲ್ಲಿ ಖಾಯಂ ಆಗಿ ಇರೋಕೆ ಕೊಡೋ ಕಾರ್ಡ್, ಎಕ್ಸ್‌ಪೈರ್ ಆಗ್ಬಿಟ್ರೆ ದೇಶ ಬಿಟ್ಟು ಹೋಗ್ಬೇಕಾ ಅಂತ ಕೇಳೋರು ಆಗಾಗ ಸಿಗ್ತಾನೇ ಇರ್ತಾರೆ ನಂಗೆ, ಎಲ್ಲಾ ಒಳ್ಳೇ ಓದಿಕೊಂಡೋರೇ, ಹತ್ತಾರು ವರ್ಷದಿಂದ ಇಲ್ಲೇ ಇರೋರೇ. ನಗೋ ವಿಷ್ಯ ಅಲ್ಲ ಇದು. ನಮ್ಮೋರಲ್ಲಿ ಬಹಳ ಜನ ಎಚ್-1ಬಿ ಅನ್ನೋ ಕೆಲ್ಸದ ವೀಸಾ ಮೇಲೆ ಬಂದು, ಲೈನಲ್ಲಿ ವರ್ಷಗಟ್ಲೆ ನಿಂತು ಆಮೇಲೆ ಗ್ರೀನ್ ಕಾರ್ಡ್ ತಗೊಂಡೋರು, ಆ ಎಚ್-1ಬಿ ಕಾಲದಲ್ಲಿ ಐ-94 (ಎಲ್ಲಿ ತನಕ ಇರ್ಬಹುದು ಅನ್ನೋ ದಾಖಲೆ) ಮೇಲಿನ ಡೇಟ್ ಮುಗೀತು ಅಂದ್ರೆ ನಿಜವಾಗ್ಲೂ ಮುಗೀತು ಅಂತಲೇ ಲೆಕ್ಕ, ಅದೇ ಭಯ ಮೈಗೆ ಹತ್ತಿಬಿಟ್ಟಿರತ್ತೆ, ಕಾರ್ಡ್ ಬಂದ್ಮೇಲೂ ಬಿಡಲ್ಲ.

ಸೀದಾ ಹೇಳ್ಬಿಡ್ತೀನಿ, ಹತ್ತು ವರ್ಷದ ಕಾರ್ಡ್ ಎಕ್ಸ್‌ಪೈರ್ ಆದ್ರೆ ನಿಮ್ಮ ಪರ್ಮನೆಂಟ್ ರೆಸಿಡೆಂಟ್ ಸ್ಟೇಟಸ್ ಹೋಗಲ್ಲ. ಮದುವೆ ಸರ್ಟಿಫಿಕೇಟ್ ಹರಿದುಹೋಯ್ತು ಅಂತ ಮದುವೆ ಮುರಿಯತ್ತಾ? ಸ್ಟೇಟಸ್ ಹೋಗ್ಬೇಕಂದ್ರೆ ಇಮಿಗ್ರೇಷನ್ ಜಡ್ಜ್ ಫೈನಲ್ ಆರ್ಡರ್ ಮಾಡ್ಬೇಕು, ಇಲ್ಲಾ ನೀವೇ ಬಿಟ್ಟುಕೊಡ್ಬೇಕು, ಇಲ್ಲಾ ಸಿಟಿಜನ್ ಆಗ್ಬೇಕು. 1977ರಿಂದ 1989ರ ಆಗಸ್ಟ್ ತನಕ ಕೊಟ್ಟ ಕೆಲವು ಕಾರ್ಡ್‌ಗಳಲ್ಲಿ ಎಕ್ಸ್‌ಪೈರಿ ಡೇಟೇ ಇರ್ಲಿಲ್ಲ, ಅದನ್ನ ಇಟ್ಕೊಂಡಿರೋ ಹಿರಿಯರು ಈಗ್ಲೂ ಸಿಗ್ತಾರೆ. ಫೋಟೋ ಹಳೇದಾಗತ್ತೆ, ನಕಲಿ ಮಾಡೋರು ಬುದ್ಧಿವಂತ್ರಾಗ್ತಾರೆ, ಅದಕ್ಕೆ ಕಾರ್ಡ್ ಬದಲಾಯಿಸ್ತಿರ್ತಾರೆ, ಅಷ್ಟೇ ಅದು.

ಹಾಗಂತ ಆರಾಮಾಗಿ ಕೂತ್ಕೊಳ್ಳಿ ಅಂತಾನೂ ಅಲ್ಲ. ಕಾನೂನು ಏನೇ ಹೇಳ್ಲಿ, ಕೌಂಟರಲ್ಲಿ ಕೂತಿರೋರು ನೋಡೋದು ಕಾರ್ಡ್ ಮೇಲಿನ ಡೇಟ್ ಮಾತ್ರ. ಡ್ರೈವಿಂಗ್ ಲೈಸೆನ್ಸನ್ನೇ ತಗೊಳ್ಳಿ, ರಿಯಲ್ ಐಡಿ, ಅಂದ್ರೆ ಫೆಡರಲ್ ಸರ್ಕಾರ ಒಪ್ಪೋ ಥರದ ಲೈಸೆನ್ಸ್, ಬೇಕಂದ್ರೆ ಗ್ರೀನ್ ಕಾರ್ಡ್ ವ್ಯಾಲಿಡ್ ಇರ್ಬೇಕು ಅಂತ ರೂಲಲ್ಲೇ ಇದೆ, 2025ರ ಮೇ 7ರಿಂದ ದೇಶದೊಳಗಿನ ಫ್ಲೈಟ್‌ಗೂ ಏರ್‌ಪೋರ್ಟಲ್ಲಿ ರಿಯಲ್ ಐಡಿನೋ ಪಾಸ್‌ಪೋರ್ಟ್ ಥರದ ಬೇರೆ ಐಡಿನೋ ಕೇಳೋಕೆ ಶುರು ಮಾಡಿದ್ದಾರೆ. ಮನೆ ಸಾಲಕ್ಕೆ ಹೋದ್ರೆ ಬ್ಯಾಂಕ್‌ನೋರು ಕಾರ್ಡ್ ಕಾಪಿ ಕೇಳ್ತಾರೆ, ಡೇಟ್ ದಾಟಿದ್ರೆ ಅವ್ರ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಇದೆಲ್ಲ ಸಾಲದು ಅಂತ 18 ದಾಟಿದ ಪ್ರತಿ ಗ್ರೀನ್ ಕಾರ್ಡ್‌ನೋರೂ ಕಾರ್ಡನ್ನ ಯಾವಾಗ್ಲೂ ಜೊತೇಲಿ ಇಟ್ಕೊಂಡಿರ್ಬೇಕು ಅಂತ ಒಂದು ಹಳೇ ಕಾನೂನು ಬೇರೆ ಇದೆ, 100 ಡಾಲರ್ ತನಕ ದಂಡ, ಇಲ್ಲಾ 30 ದಿನದ ತನಕ ಜೈಲು ಅಂತ ಅದರಲ್ಲಿ ಬರೆದಿದ್ದಾರೆ. ಮುಂಚೆ ಯಾರೂ ಇದನ್ನ ತಲೆಗೆ ಹಚ್ಕೊಳ್ತಿರ್ಲಿಲ್ಲ, ಈಗಿನ ಗಾಳಿ ನೋಡಿದ್ರೆ ನಾನಂತೂ ಕಾರ್ಡ್ ಪರ್ಸಲ್ಲೇ ಇಟ್ಕೊಳ್ಳಿ ಅಂತೀನಿ.

ಕೆಲ್ಸದ ವಿಷ್ಯದಲ್ಲಿ ಮಾತ್ರ ನೀವು ಬಗ್ಗೋ ಅವಶ್ಯಕತೆ ಇಲ್ಲ. ಸೇರೋವಾಗ, ಕೆಲ್ಸ ಮಾಡೋ ಹಕ್ಕಿದೆ ಅಂತ ತೋರ್ಸೋ ಐ-9 ಫಾರ್ಮ್‌ಗೆ ವ್ಯಾಲಿಡ್ ಕಾರ್ಡ್ ತೋರ್ಸಿದ್ರೆ ಮುಗೀತು, ಆಮೇಲೆ ಅದು ಎಕ್ಸ್‌ಪೈರ್ ಆಯ್ತು ಅಂತ ಎಚ್‌ಆರ್‌ನೋರು ಹೊಸ ಕಾರ್ಡ್ ತನ್ನಿ ಅಂತ ಕೇಳೋ ಹಾಗೇ ಇಲ್ಲ. ಗೊತ್ತಿಲ್ದೆ ಕೇಳ್ತಾರೆ, ಕೇಳಿದ್ರೆ ಐ-9 ಗೈಡಲ್ಲಿ ಇರೋದನ್ನ ಅವ್ರಿಗೇ ಮರ್ಯಾದೆಯಿಂದ ತೋರ್ಸಿ.

ರಿನ್ಯೂ ಮಾಡೋದು ಐ-90 ಫಾರ್ಮಲ್ಲಿ. ಎಕ್ಸ್‌ಪೈರ್ ಆಗೋಕೆ ಆರು ತಿಂಗಳು ಇರೋವಾಗಿಂದ ಹಾಕ್ಬಹುದು, ಡೇಟ್ ದಾಟಿದ್ಮೇಲೂ ಹಾಕ್ಬಹುದು, ಲೇಟ್ ಅಂತ ಬೇರೆ ದಂಡ ಇಲ್ಲ. 2024ರ ಏಪ್ರಿಲಲ್ಲಿ ಬಂದ ಫೀಸ್ ಪ್ರಕಾರ ಆನ್‌ಲೈನಲ್ಲಿ 415 ಡಾಲರ್, ಪೇಪರಲ್ಲಿ ಕಳಿಸಿದ್ರೆ 465. ಯುಎಸ್‌ಸಿಐಎಸ್ (ಇಮಿಗ್ರೇಷನ್ ಅರ್ಜಿ ನೋಡೋ ಸರ್ಕಾರಿ ಇಲಾಖೆ) ಸೈಟಲ್ಲಿ ಅಕೌಂಟ್ ಮಾಡ್ಕೊಂಡು ನೀವೇ ತುಂಬ್ಸಿ, ಅದೇ ಫಾರ್ಮನ್ನ ತುಂಬ್ಕೊಡ್ತೀವಿ ಅಂತ ಸರ್ಕಾರಿ ಸೈಟ್ ತರಾನೇ ವೇಷ ಹಾಕ್ಕೊಂಡಿರೋ ಸೈಟ್‌ಗಳು ಎಕ್ಸ್‌ಟ್ರಾ ದುಡ್ಡು ಕೀಳೋದು ನೋಡಿದ್ರೆ ಮೈ ಉರಿಯತ್ತೆ. ಹಾಕಿದ್ಮೇಲೆ ರಸೀದಿ ಲೆಟರ್ ಒಂದು ಬರತ್ತೆ ನೋಡಿ, ಅದೇ ಚಿನ್ನ. 2024ರ ಸೆಪ್ಟೆಂಬರಿಂದ ಆ ಲೆಟರ್ ಹಳೇ ಕಾರ್ಡಿನ ಆಯಸ್ಸನ್ನ 36 ತಿಂಗಳು ಎಳೆಯತ್ತೆ, ಮುಂಚೆ 24 ಇತ್ತು. ಹಳೇ ಕಾರ್ಡು, ಆ ಲೆಟರು, ಎರಡೂ ಒಟ್ಟಿಗಿದ್ರೆ ಕೆಲ್ಸಕ್ಕೂ ಓಡಾಟಕ್ಕೂ ನಡಿಯತ್ತೆ, ಹಾಗಾಗಿ ಹಳೇ ಕಾರ್ಡ್ ಎಸೀಬೇಡಿ ದಯವಿಟ್ಟು. ಕಾರ್ಡೂ ಕಳೆದುಹೋಗಿ ಅರ್ಜೆಂಟೂ ಇದ್ರೆ ಯುಎಸ್‌ಸಿಐಎಸ್‌ಗೆ ಫೋನ್ ಮಾಡಿ ಐ-551 ಸ್ಟಾಂಪ್, ಅಂದ್ರೆ ಸ್ಟೇಟಸ್‌ಗೆ ತಾತ್ಕಾಲಿಕ ಪ್ರೂಫ್, ಕೇಳ್ಬಹುದು, ಪಾಸ್‌ಪೋರ್ಟ್ ಮೇಲೆ ಹಾಕಿಕೊಡ್ತಾರೆ. ಮಕ್ಕಳಿದ್ರೆ ಇನ್ನೊಂದು ನೆನಪಿಟ್ಕೊಳ್ಳಿ, 14 ತುಂಬಿದ 30 ದಿನದೊಳಗೆ ಅವ್ರ ಕಾರ್ಡ್ ಬದಲಾಯಿಸ್ಬೇಕು, ಡೇಟ್ ಇನ್ನೂ ಇದ್ರೂ.

ಹಳೇ ಪೊಲೀಸ್ ಕೇಸು, ಕುಡಿದು ಗಾಡಿ ಓಡ್ಸಿದ್ದೋ ಅಂಗಡಿ ಕಳ್ಳತನದ ಆರೋಪನೋ ಏನೇ ಇರ್ಲಿ, ಇದ್ರೆ ಮೊದ್ಲು ಇಮಿಗ್ರೇಷನ್ ಲಾಯರ್ ಹತ್ರ ಹೋಗಿ ಆಮೇಲೆ ಫಾರ್ಮ್ ಮುಟ್ಟಿ. ಬೆರಳಚ್ಚು ತಗೊಂಡು ಹಿಂದಿನದೆಲ್ಲ ಚೆಕ್ ಮಾಡ್ತಾರೆ.

ಇಷ್ಟೊತ್ತು ಹೇಳಿದ್ದೆಲ್ಲ ಹತ್ತು ವರ್ಷದ ಕಾರ್ಡಿಗೆ. ಎರಡು ವರ್ಷದ ಕಾರ್ಡ್ ಇದ್ರೆ ಇದೆಲ್ಲ ಮರ್ತುಬಿಡಿ. ಮದುವೆಯಾಗಿ ಎರಡು ವರ್ಷ ತುಂಬೋ ಮುಂಚೆ ಗಂಡ ಅಥವಾ ಹೆಂಡ್ತಿ ಮೂಲಕ ಗ್ರೀನ್ ಕಾರ್ಡ್ ಬಂದೋರಿಗೆ ಕೊಡೋದು ಈ ಕಂಡಿಷನಲ್ ಕಾರ್ಡು. ಇದನ್ನ ರಿನ್ಯೂ ಮಾಡೋಕೇ ಬರಲ್ಲ, ಡೇಟ್ ಮುಗಿಯೋ ಮುಂಚಿನ 90 ದಿನದೊಳಗೆ ಇಬ್ರೂ ಸೇರಿ ಐ-751 ಹಾಕಿ ಕಂಡಿಷನ್ ತೆಗೆಸ್ಬೇಕು. ಹಾಕ್ಲಿಲ್ಲ ಅಂದ್ರೆ ಸ್ಟೇಟಸ್ಸೇ ಹೋಗತ್ತೆ, ಕೋರ್ಟ್ ನೋಟಿಸ್ ಬರತ್ತೆ. ಸಂಬಂಧ ಕೆಟ್ಟು ಡಿವೋರ್ಸ್ ಆಗಿದ್ರೆ, ಮನೇಲಿ ಹಿಂಸೆ ಇದ್ರೆ, ಒಬ್ರೇ ಹಾಕೋಕೂ ದಾರಿ ಇದೆ, ಇದು ಗೊತ್ತಿಲ್ದೆ ಸುಮ್ನೆ ಸಹಿಸ್ಕೊಂಡಿರೋ ಹೆಣ್ಮಕ್ಕಳು ಎಷ್ಟೋ. ಗಂಡ ಸೈನ್ ಹಾಕ್ದೇ ಇದ್ರೆ ಎಲ್ಲಾ ಮುಗೀತು ಅನ್ನೋದು ಸುಳ್ಳು.

ಇನ್ನು ಇದೇ ಕಥೆ ಉಲ್ಟಾ ಆಗೋದು ಅಪ್ಪ ಅಮ್ಮನ ವಿಷ್ಯದಲ್ಲಿ. ಮಗ ಸಿಟಿಜನ್ ಆಗಿ ಅವ್ರಿಗೆ ಗ್ರೀನ್ ಕಾರ್ಡ್ ಮಾಡಿಸಿರ್ತಾನೆ, ಅವ್ರಿಗೆ ಇಲ್ಲಿನ ಚಳಿ ಆಗಲ್ಲ, ಇಂಡಿಯಾಗೆ ಹೋಗಿ ಅಲ್ಲೇ ಉಳೀತಾರೆ, ಕಾರ್ಡ್ ಮೇಲೆ ಇನ್ನೂ ಏಳು ವರ್ಷ ಇದೆಯಲ್ಲ ಅಂತ ಎಲ್ರೂ ನೆಮ್ಮದಿಯಾಗಿರ್ತಾರೆ. ಡೇಟ್ ಇದೆ, ಸರಿ, ಆದ್ರೆ ಸತತ ಒಂದು ವರ್ಷ ಹೊರಗಿದ್ರೆ ವಾಪಸ್ ಬರೋಕೆ ಆ ಕಾರ್ಡ್ ಕೆಲ್ಸಕ್ಕೆ ಬರಲ್ಲ. ಆರು ತಿಂಗಳು ದಾಟಿದ್ರೇ ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ. ಜಾಸ್ತಿ ದಿನ ಇರೋದಾದ್ರೆ ಹೊರಡೋ ಮುಂಚೆ, ಇಲ್ಲಿ ಇರೋವಾಗ್ಲೇ, ಐ-131 ಹಾಕಿ ರೀಎಂಟ್ರಿ ಪರ್ಮಿಟ್‌ಗೆ ಅರ್ಜಿ ಕೊಡ್ಬೇಕು, ಅದು ಹೆಚ್ಚಂದ್ರೆ ಎರಡು ವರ್ಷ ನಡಿಯತ್ತೆ. ಏರ್‌ಪೋರ್ಟಲ್ಲಿ ಆಫೀಸರ್ ಐ-407 ಅಂತ ಒಂದು ಫಾರ್ಮ್ ಮುಂದೆ ಇಟ್ರೆ ಅದು ಗ್ರೀನ್ ಕಾರ್ಡ್ ವಾಪಸ್ ಕೊಡೋ ಫಾರ್ಮು, ಅದಕ್ಕೆ ಸೈನ್ ಹಾಕ್ಲೇಬೇಕು ಅಂತೇನಿಲ್ಲ, ಜಡ್ಜ್ ಮುಂದೆ ಹೇಳ್ತೀನಿ ಅನ್ನೋ ಹಕ್ಕು ಅವ್ರಿಗಿದೆ. ಇಂಗ್ಲಿಷ್ ಸರಿಯಾಗಿ ಬರ್ದೇ ಇರೋ ಹಿರಿಯರಿಗೆ ಇದನ್ನ ಮೊದ್ಲೇ ಕೂರ್ಸಿ ಹೇಳಿ.

ಓಡಾಟದ ಬಗ್ಗೆ ಇನ್ನೊಂದು. ಹತ್ತು ವರ್ಷದ ಕಾರ್ಡ್ ಎಕ್ಸ್‌ಪೈರ್ ಆಗಿದ್ರೂ ಹತ್ತಿಸ್ಕೊಳ್ಬಹುದು ಅಂತ ಗಡಿ ನೋಡ್ಕೊಳ್ಳೋ ಇಲಾಖೆ ಸಿಬಿಪಿ ಏರ್‌ಲೈನ್‌ಗಳಿಗೆ ಹೇಳಿದೆ, ಆದ್ರೆ ರಾತ್ರಿ ಎರಡು ಗಂಟೆಗೆ ಚೆಕ್-ಇನ್ ಕೌಂಟರಲ್ಲಿರೋ ಹುಡುಗನಿಗೆ ಅದು ಗೊತ್ತಿರ್ಬೇಕಲ್ಲ. ಮಧ್ಯೆ ಕೆನಡಾ ಥರದ ದೇಶದಲ್ಲಿ ಇಳಿಯೋದಿದ್ರೆ ಇನ್ನೂ ಹುಷಾರು, ಗ್ರೀನ್ ಕಾರ್ಡ್ ಇದೆ ಅಂತ ವೀಸಾ ಇಲ್ದೆ ಬಿಡೋರು ಸ್ಟೇಟಸ್‌ಗೆ ವ್ಯಾಲಿಡ್ ಪ್ರೂಫ್ ಕೇಳ್ತಾರೆ.

ಸಿಟಿಜನ್ ಆಗ್ಬಿಡಿ, ಈ ರಗಳೆ ಯಾಕೆ ಅಂತಾರೆ. ಗ್ರೀನ್ ಕಾರ್ಡ್ ಬಂದು ಐದು ವರ್ಷ, ಸಿಟಿಜನ್ ಜೊತೆ ಸಂಸಾರ ಮಾಡ್ತಿರೋರಿಗೆ ಮೂರು ವರ್ಷ ಆಗಿದ್ರೆ ಸಿಟಿಜನ್ ಆಗೋ ಅರ್ಜಿ ಎನ್-400 ಹಾಕ್ಬಹುದು, ಆನ್‌ಲೈನಲ್ಲಿ 710 ಡಾಲರ್, 2022ರ ಡಿಸೆಂಬರಿಂದ ಅದ್ರ ರಸೀದೀನೇ ಹಳೇ ಕಾರ್ಡನ್ನ 24 ತಿಂಗಳು ಮುಂದೂಡತ್ತೆ, ಅಂದ್ರೆ ಐ-90 ದುಡ್ಡು ಉಳೀತು. ಲೆಕ್ಕಕ್ಕೆ ಸರಿ. ಆದ್ರೆ ಇಂಡಿಯಾ ಎರಡು ಪೌರತ್ವ ಒಪ್ಪಲ್ಲ, ಪಾಸ್‌ಪೋರ್ಟ್ ಸರೆಂಡರ್ ಮಾಡಿ ಓಸಿಐ (ವಿದೇಶಿ ಪೌರರಾದ ಭಾರತ ಮೂಲದೋರಿಗೆ ಇಂಡಿಯಾ ಕೊಡೋ ಕಾರ್ಡ್) ತಗೋಬೇಕು, ಅದಕ್ಕೆ ಮನಸ್ಸು ಒಪ್ಪೋದು ಅವ್ರವ್ರಿಗೆ ಬಿಟ್ಟಿದ್ದು, 415 ಡಾಲರ್ ಉಳ್ಸೋಕೆ ಅಂತ ಮಾಡೋ ಕೆಲ್ಸ ಅಲ್ಲ ಅದು. ನಾನಿನ್ನೂ ಐ-90 ಕಡೇನೇ ಇದೀನಿ.

ಹೊಸ ಕಾರ್ಡ್ ಬಂದಾಗ ಕವರ್ ಒಡೆದ ತಕ್ಷಣ ಹೆಸ್ರು, ಹುಟ್ಟಿದ ದಿನ, ರೆಸಿಡೆಂಟ್ ಸಿನ್ಸ್ (ಯಾವತ್ತಿಂದ ಖಾಯಂ ನಿವಾಸಿ ಅನ್ನೋ) ಡೇಟ್ ಮೂರೂ ನೋಡ್ಕೊಳ್ಳಿ, ಆ ರೆಸಿಡೆಂಟ್ ಸಿನ್ಸ್ ಹಳೇ ಕಾರ್ಡಲ್ಲಿದ್ದದ್ದೇ ಇರ್ಬೇಕು. ಇನಿಶಿಯಲ್ ಇರೋ ನಮ್ ಹೆಸ್ರುಗಳನ್ನ ಹಿಂದು ಮುಂದು ಮಾಡೋದು ಅವ್ರಿಗೆ ಹೊಸದಲ್ಲ. ತಪ್ಪು ಅವ್ರದ್ದಾದ್ರೆ ಇನ್ನೊಂದ್ಸಲ ಐ-90 ಹಾಕ್ಬೇಕು, ಆದ್ರೆ ಫೀಸ್ ಇಲ್ಲ.