ಕುಂತಿಬೆಟ್ಟ, ತೊಣ್ಣೂರು ಕೆರೆ, ಕರಿಘಟ್ಟ: ಕ್ಯಾಮೆರಾ ಹಿಡ್ಕೊಂಡು ಹೋಗೋರಿಗೆ

ಮೈಸೂರಿಂದ ಒಂದೇ ದಿನದಲ್ಲಿ ಮಂಡ್ಯ ಜಿಲ್ಲೆಯ ಈ ಮೂರೂ ಜಾಗ ಮುಗಿಸ್ಬೋದು, ಆದ್ರೆ ಒಳ್ಳೆ ಲ್ಯಾಂಡ್‌ಸ್ಕೇಪ್ ಫೋಟೋ ಬೇಕು ಅನ್ನೋರು ಹಿಂದಿನ ಸಂಜೆನೇ ಒಂದ್ಸಲ ಕುಂತಿಬೆಟ್ಟದ ಹತ್ರ ಹೋಗಿ ಜಾಗ ನೋಡ್ಕೊಂಡು ಬನ್ನಿ. ನಾನು ಡಿಸೆಂಬರಲ್ಲಿ ಹೋದಾಗ ಹಾಗೆ ಮಾಡ್ಲಿಲ್ಲ. ಕತ್ತಲಲ್ಲೇ ಪಾಂಡವಪುರ ದಾಟಿ, ಗದ್ದೆ ಬದು ಮೇಲೆ ಟ್ರೈಪಾಡ್ ಊರಿ, ಬೆಟ್ಟದ ಎರಡೂ ಬಂಡೆ ಸರಿಯಾಗಿ ಬರೋ ಹಾಗೆ ಫ್ರೇಮ್ ಮಾಡ್ಕೊಂಡು ಚಳಿಲಿ ಕಾಯ್ತಾ ಕೂತಿದ್ದೆ, ಆರೂವರೆ ಹೊತ್ತಿಗೆ ಬೆಳಕಾದಾಗ ನೋಡ್ತೀನಿ, ಆಕಾಶಕ್ಕೆ ಅಡ್ಡ ಮೂರು ಕರೆಂಟ್ ತಂತಿ. ಒಂದೊಂದು ತಂತಿ ಕೆಳಗೂ ಇಬ್ಬನಿ ಹನಿ ಸಾಲಾಗಿ ನೇತಾಡ್ತಾ ಬಿಸಿಲು ಬೀಳ್ತಿದ್ದ ಹಾಗೆ ಹೊಳೆಯೋಕೆ ಶುರುವಾಯ್ತು, ಇನ್ನು ಅದನ್ನ ಬಚ್ಚಿಡೋದು ಹೇಗೆ?

ಪಕ್ಕದ ಕಬ್ಬಿನ ಗದ್ದೆಗೆ ನೀರು ಕಟ್ಟೋಕೆ ಬಂದಿದ್ದ ಯಜಮಾನ್ರೊಬ್ರು ನನ್ನ ಒದ್ದಾಟ ನೋಡಿ, "ಯಾಕ್ ಸಾ, ತಂತಿ ಅಡ್ಡ ಬಂತಾ? ಆ ಬಂಡೆ ಮ್ಯಾಕ್ ಹತ್ತಿ, ಅಲ್ಲಿಂದ ಕಾಣಾಕಿಲ್ಲ" ಅಂದ್ರು. ಹತ್ತಿ ನೋಡಿದ್ರೆ ಅವರು ಹೇಳಿದ್ದೇ ಸರಿ. ತಂತಿ ಎದ್ದು ಕಾಣೋದು ಹಿಂದೆ ಆಕಾಶ ಇದ್ದಾಗ ಮಾತ್ರ, ನೀವು ಸ್ವಲ್ಪ ಎತ್ತರಕ್ಕೆ ಹೋದ್ರೆ ಅದೇ ತಂತಿ ತೆಂಗಿನ ತೋಟದ ಹಸಿರಿನ ಮುಂದೆ ಬಂದು ಕಣ್ಣಿಗೆ ಸಿಗೋದೇ ಇಲ್ಲ. ಎತ್ತರ ಸಿಗ್ಲಿಲ್ಲ ಅಂದ್ರೆ ಲೈನ್ ದಾಟಿ ಆ ಕಡೆ ಹೋಗಿ ಅದಕ್ಕೆ ಬೆನ್ನು ಹಾಕಿ ನಿಂತ್ಕೊಳ್ಳಿ. ವೈಡ್ ಲೆನ್ಸ್ ಒಂದನ್ನೇ ನಂಬ್ಕೊಂಡು ಹೋಗ್ಬೇಡಿ, ಕಂಬ, ಮೊಬೈಲ್ ಟವರ್ ಎಲ್ಲಾನೂ ಒಳಗೆ ಎಳ್ಕೊಳ್ಳುತ್ತೆ, 70-200 ಝೂಮ್ ಲೆನ್ಸ್ ಇದ್ರೆ ಬಂಡೆ, ಮಂಜು ಇಷ್ಟನ್ನೇ ಬಿಡಿಸಿ ತೆಗಿಬೋದು. ಬೆಟ್ಟ ಹತ್ತೋ ಸಮಯ, ಪರ್ಮಿಷನ್ ಬಗ್ಗೆ ಮಾತ್ರ ಮೊದಲೇ ವಿಚಾರಿಸ್ಕೊಳ್ಳಿ.

ಮೇಲಿಂದ ಪಾಂಡವಪುರದ ಸಕ್ಕರೆ ಕಾರ್ಖಾನೆ ಚಿಮಣಿ ಕಾಣುತ್ತೆ. ಮೊದಮೊದಲು ಎಡಿಟಿಂಗಲ್ಲಿ ಅಳಿಸ್ತಿದ್ದೆ, ಈಗ ಅಳಿಸಲ್ಲ, ಕಬ್ಬಿನ ಗದ್ದೆ ಇಟ್ಕೊಂಡು ಚಿಮಣಿ ತೆಗೆದುಬಿಟ್ರೆ ಅದು ಮಂಡ್ಯನೇ ಅಲ್ಲ. ತಂತಿ ವಿಷಯಾನೂ ಅಷ್ಟೆ, ನಮ್ಮ ಕಡೆಗೆ ಅದು ನಿನ್ನೆ ಮೊನ್ನೆ ಬಂದಿದ್ದಲ್ಲ, ಇದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದು ಕರೆಂಟ್ ಕಳಿಸಿದ್ರು. ಯಾವುದೋ ಒಂದು ತಂತಿ ಮೂಲೆಲಿ ಬಂದಿದ್ರೆ ಅಳಿಸ್ಕೊಳ್ಳಿ ಪರ್ವಾಗಿಲ್ಲ, ಆದ್ರೆ ಇಡೀ ಟವರ್ ಸಾಲನ್ನೇ ಮಾಯ ಮಾಡಿ ಹಾಕಿದ್ರೆ ದಯವಿಟ್ಟು ಕೆಳಗೆ ಅಳಿಸಿದ್ದೀನಿ ಅಂತ ಒಂದು ಸಾಲು ಬರೀರಿ. ಆ ಫೋಟೋ ನೋಡಿ ನೂರಾರು ಕಿಲೋಮೀಟರ್ ಬರೋರು ಇರ್ತಾರೆ.

ತೊಣ್ಣೂರು ಕೆರೆ ಪಾಂಡವಪುರದಿಂದ ಸುಮಾರು 10 ಕಿಲೋಮೀಟರ್, ಒಂಬತ್ತು ಗಂಟೆ ಒಳಗೆ ತಲುಪಿದ್ರೆ ನೀರು ಕನ್ನಡಿ ಥರ ಇರುತ್ತೆ, ಆಮೇಲೆ ಗಾಳಿ. ಬೆಟ್ಟದ ಕಡೆ ಮುಖ ಮಾಡಿ ತೆಗೆದ್ರೆ ತಂತಿ ಕಾಟ ಕಡಿಮೆ. ಆಳ ಇದೆ, ಫೋಟೋಗೋಸ್ಕರ ನೀರಿಗಿಳಿಬೇಡಿ.

ಸಂಜೆ ನಾಲ್ಕೂವರೆಗೆಲ್ಲ ಕರಿಘಟ್ಟದ ಮೇಲಿರಿ. ಶ್ರೀರಂಗಪಟ್ಟಣ ಪಶ್ಚಿಮಕ್ಕೆ ಇರೋದ್ರಿಂದ ಸೂರ್ಯ ಊರ ಕಡೆನೇ ಮುಳುಗ್ತಾನೆ, ಕೆಳಗೆ ಕಾವೇರಿ, ದೂರದಲ್ಲಿ ರಂಗನಾಥನ ಗೋಪುರ. ಹೈವೇನೂ ಕಾಣುತ್ತೆ, ಇಲ್ಲಿ ಅದನ್ನ ತಪ್ಪಿಸೋಕೆ ಹೋಗ್ಬೇಡಿ, ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಆದ್ಮೇಲೆ ಟ್ರೈಪಾಡ್ ಮೇಲೆ 15-20 ಸೆಕೆಂಡ್ ಎಕ್ಸ್‌ಪೋಷರ್ ಕೊಟ್ರೆ ನೀಲಿ ಆಕಾಶದ ಕೆಳಗೆ ಗಾಡಿ ದೀಪ ಎಲ್ಲಾ ಸೇರಿ ಒಂದೇ ಗೆರೆ ಆಗುತ್ತೆ. ನನಗೆ ಆ ದಿನದ ಎಲ್ಲಕ್ಕಿಂತ ಒಳ್ಳೆ ಫೋಟೋ ಸಿಕ್ಕಿದ್ದು ಅಲ್ಲೇ.

ಬೈಕಲ್ಲಿ ಬರೋರು ನೆನಪಿಡಿ, 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಟೂ ವೀಲರ್ ಬಿಡಲ್ಲ, ಸರ್ವಿಸ್ ರೋಡೇ ಗತಿ, ಅರ್ಧ ಗಂಟೆ ಮುಂಚೆ ಹೊರಡಿ. ಕರಿಘಟ್ಟದ ಮೆಟ್ಟಿಲಲ್ಲಿ ಇಳಿಯೋದಾದ್ರೆ ಟಾರ್ಚ್ ಇಟ್ಕೊಂಡಿರಿ, ಲೆನ್ಸ್ ಕ್ಯಾಪ್ ಹುಡುಕ್ತಾ ಕತ್ತಲಲ್ಲಿ ನಿಲ್ಲೋ ಜಾಗ ಅದಲ್ಲ.